ವಾರಿಜಕ್ಕ ಕೇಳಿದ ಒಂದು ಕುರ್ಚಿ

ವಾರಿಜಕ್ಕ ಗಂಡನ ಜೊತೆ ಎಲ್ಲಿಗೆ ಹೋದರೂ ಅವರ ಎಡಗಡೆಗೆ, ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಅರ್ಧ ಎಂದರೆ ಅರ್ಧವೇ, ಒಂದಿಂಚು ಹೆಚ್ಚಿಲ್ಲ, ಕಡಿಮೆಯಿಲ್ಲ. ಮದುವೆಯ ಚಪ್ಪರಕ್ಕೆ ಬಂದರೂ ಹಾಗೆ, ಬ್ಯಾಂಕಿನ ಮೆಟ್ಟಿಲು ಹತ್ತಿದರೂ ಹಾಗೆ. ಕಾಸರಗೋಡಿನ ಕಡೆಯ ನೆಕ್ರಾಜೆಯ ನಮ್ಮವರಿಗೆ ಅದನ್ನು ಕಂಡರೆ ಬಹಳ ಸಂತೋಷ. "ಎಷ್ಟು ಓದಿದ ಹೆಂಗಸು, ಆದರೂ ಗಂಡನನ್ನು ದಾಟಿ ಹೋಗುದಿಲ್ಲ ನೋಡಿ" ಎಂದು ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ. ಒಂಬತ್ತನೇ ಕ್ಲಾಸಿನ ಹೆಣ್ಣುಮಕ್ಕಳ ಮುಂದೆ ನಿಂತು, ದೊಡ್ಡ ಉಪದೇಶಕನ ಹಾಗೆ, ಅದನ್ನೇ ಉದಾಹರಣೆ ಕೊಟ್ಟಿದ್ದೇನೆ. ಆ ಅರ್ಧ ಹೆಜ್ಜೆ ಯಾಕೆಂದು ಆಮೇಲೆ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಮಾಡಿದ್ದೇನು ಎಂಬುದನ್ನು ಬರೆಯಲಿಕ್ಕೆಂದೇ ಈಗ ಕೂತಿದ್ದೇನೆ.

ಮೊದಲು ಅವರಿಬ್ಬರು ಯಾರೆಂದು ಹೇಳಿಬಿಡುತ್ತೇನೆ. ಗಂಡ ಜಗನ್ನಾಥ ರೈಗಳು ದೊಡ್ಡ ಸರಕಾರಿ ಅಧಿಕಾರಿಯಾಗಿದ್ದು, ನಿವೃತ್ತಿಯ ನಂತರ ಈಶಾನ್ಯದ ಒಂದು ಪುಟ್ಟ ಗುಡ್ಡಗಾಡು ರಾಜ್ಯಕ್ಕೆ ರಾಜ್ಯಪಾಲರಾದವರು. ಹೆಂಡತಿ ವಾರಿಜಾಕ್ಷಿ ರೈಗಳು ವಕೀಲರು. ಕೋರ್ಟು, ರಾಜಕೀಯ ಎಲ್ಲ ದಾಟಿ ಅವರೂ ಉತ್ತರದ ಒಂದು ರಾಜ್ಯಕ್ಕೆ ರಾಜ್ಯಪಾಲರಾದರು. ಒಂದಷ್ಟು ಕಾಲ ಗಂಡ ಹೆಂಡತಿ ಇಬ್ಬರೂ ಏಕಕಾಲಕ್ಕೆ ಎರಡು ರಾಜಭವನಗಳಲ್ಲಿದ್ದರು. ರಾಜ್ಯಗಳ ಹೆಸರು ಬರೆಯುವುದಿಲ್ಲ. ಅವರಿಗೆ ಆಗಬೇಕಾದ ಅವಮಾನ ನನ್ನಿಂದ ಆಗಿ ಮುಗಿದಿದೆ, ಇನ್ನು ಬೇರೆಯವರು ಹುಡುಕಿ ತೆಗೆಯುವುದು ಬೇಡ. ಎಲ್ಲ ಮುಗಿದ ಮೇಲೆ ವಾರಿಜಕ್ಕನ ತಾಯಿಯ ಊರಾದ ನೆಕ್ರಾಜೆಯಲ್ಲಿ, ರಸ್ತೆ ಬದಿಗೇ, ಒಂದು ತಾರಸಿ ಮನೆ ಹೊಸದಾಗಿ ಕಟ್ಟಿಸಿ ಕೂತರು. ಮಕ್ಕಳಿರಲಿಲ್ಲ. ಮನೆಗೆಲಸಕ್ಕೆ ಸುಶೀಲ ಇದ್ದಳು.

ನಮ್ಮೂರ ಲೆಕ್ಕದಲ್ಲಿ ಮಾತ್ರ ಆ ಮನೆಯಲ್ಲಿದ್ದದ್ದು ಒಬ್ಬರೇ ಗವರ್ನರ್. ರೈಗಳು 'ಗವರ್ನರ್ ಸಾರ್', ವಾರಿಜಕ್ಕ 'ಗವರ್ನರ್ರ ಹೆಂಡತಿ'. ಗಂಡನ ಇಡೀ ರಾಜ್ಯ ಹೆಂಡತಿಯ ರಾಜ್ಯದ ಒಂದು ಮೂಲೆಗೆ ಸಾಕಾಗುತ್ತಿರಲಿಲ್ಲ ಎಂಬುದು ಭೂಪಟ ನೋಡಿದವರಿಗೆಲ್ಲ ಗೊತ್ತು. ನಮ್ಮಲ್ಲಿ ಭೂಪಟ ನೋಡುವವರು ಯಾರು?

ನನಗೆ ಅವರ ಪರಿಚಯವಾದದ್ದು ವಿಲ್ಲೇಜ್ ಆಫೀಸಿನಲ್ಲಿ. ಯಾವುದೋ ಸರ್ಟಿಫಿಕೇಟಿಗಾಗಿ ಕ್ಯೂನಲ್ಲಿ ನನ್ನ ಮುಂದೆ ಒಬ್ಬರು ಎತ್ತರದ ಹೆಂಗಸು ನಿಂತಿದ್ದರು. ಕೈಯಲ್ಲಿದ್ದ ಫಾರಂ ಪೂರಾ ಮಲಯಾಳದಲ್ಲಿತ್ತು. ತಿರುಗಿ ನನ್ನನ್ನು ನೋಡಿ, "ನಿಮಗೆ ಇದು ಓದಲಿಕ್ಕೆ ಬರ್ತದಾ?" ಎಂದು ಕೇಳಿದರು. ಬರುತ್ತದೆ ಎಂದೆ. "ಅಷ್ಟು ವರ್ಷ ಎಲ್ಲರ ಅರ್ಜಿ ನನ್ನ ಮೇಜಿಗೆ ಬರ್ತಿತ್ತು. ಈಗ ನನ್ನ ಅರ್ಜಿ ನನಗೇ ಓದಲಿಕ್ಕೆ ಬರುದಿಲ್ಲ ನೋಡಿ" ಎಂದು ನಕ್ಕರು. ನಾನು ತುಂಬಿಸಿಕೊಟ್ಟೆ. ಕಿಟಕಿಯ ಹಿಂದಿನ ಗುಮಾಸ್ತ ಉದ್ಯೋಗ ಎಂತ ಎಂದು ಕೇಳಿದ. ನಿವೃತ್ತೆ ಎಂದರು. ಯಾವ ಡಿಪಾರ್ಟ್‌ಮೆಂಟ್ ಎಂದು ಮತ್ತೆ ಕೇಳಿದ.

"ಎಲ್ಲಾ ಡಿಪಾರ್ಟ್‌ಮೆಂಟೂ ನನ್ನ ಹೆಸರಲ್ಲೇ ನಡೀತಿತ್ತು ತಮ್ಮಾ. ಕೆಲಸ ಮಾತ್ರ ಒಂದರಲ್ಲೂ ಇರ್ಲಿಲ್ಲ."

ಅವನಿಗೆ ತಲೆಬುಡ ತಿಳಿಯಲಿಲ್ಲ. ನನಗೂ ಆಗ ತಿಳಿಯಲಿಲ್ಲ. ಹೊರಗೆ ಬಂದು ಕಾರಿನ ಹತ್ತಿರ ನಿಂತಿದ್ದ ರೈಗಳನ್ನು ಕಂಡ ಮೇಲೆಯೇ ಇವರು ಇಂಥವರೆಂದು ಗೊತ್ತಾದದ್ದು. ಅಂದಿನಿಂದ ನಾನು ಅವರ ಮನೆಗೆ ಹೋಗಿಬರುವವನಾದೆ. ಶನಿವಾರ ಸಂಜೆ ಶಾಲೆಯ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಆ ಕಡೆಗೆ ಹೋದರೆ ಚಹಾ, ನೀರುಳ್ಳಿ ಬಜೆ, ಮೇಲಿಂದ ವಾರಿಜಕ್ಕನ ರಾಜಭವನದ ಕತೆಗಳು. ಅವರಿಗೆ ಆ ಭವನಗಳ ಬಗ್ಗೆ ಭಕ್ತಿಯೇನೂ ಇರಲಿಲ್ಲ. ಮಲಗುವ ಕೋಣೆಯಿಂದ ಅಡುಗೆಕೋಣೆಗೆ ಹೋಗುವಷ್ಟರಲ್ಲಿ ಹಸಿವೆ ಸತ್ತುಹೋಗುತ್ತಿತ್ತಂತೆ. ಗವರ್ನರ್ ತನ್ನ ರಾಜ್ಯ ಬಿಟ್ಟು ಹೊರಗೆ ಹೋಗಬೇಕಾದರೆ ದಿಲ್ಲಿಯ ಅನುಮತಿ ಬೇಕು ಎಂದು ನನಗೆ ತಿಳಿದದ್ದೂ ಅವರಿಂದಲೇ.

"ನಮ್ಮ ಇವರು ದೀಪಾವಳಿಗೆ ನನ್ನಲ್ಲಿಗೆ ಬರ್ಬೇಕು. ಹೆಂಡತಿಯ ಕೈಯಿಂದ ಒಂದು ದೋಸೆ ತಿನ್ಲಿಕ್ಕೆ ರಾಷ್ಟ್ರಪತಿಯವರ ಒಪ್ಪಿಗೆ! ಬಂದ ಮೇಲೆ ಇನ್ನೊಂದು ತಾಪತ್ರಯ. ನನ್ನ ರಾಜ್ಯದಲ್ಲಿ ಅವರು ನನ್ನ ನಂತರ. ಅವರ ರಾಜ್ಯಕ್ಕೆ ಹೋದ್ರೆ ನಾನು ಅವರ ನಂತರ. ವಿಮಾನದಲ್ಲಿ ಇಬ್ಬರೂ ಒಟ್ಟಿಗೆ ಇದ್ರೆ ಮೊದಲು ಇಳಿಯುದು ಯಾರು ಅಂತ ಅಧಿಕಾರಿಗಳು ತಲೆ ಕೆರ್ಕೊಳ್ಳುದು."

ರೈಗಳು ಪಕ್ಕದಲ್ಲಿ ಕೂತು ಎಲ್ಲದಕ್ಕೂ ನಗುತ್ತಿದ್ದರು. ತಾವಾಗಿ ಹೆಚ್ಚು ಮಾತಾಡುತ್ತಿರಲಿಲ್ಲ. ದೊಡ್ಡವರ ಗಾಂಭೀರ್ಯ ಎಂದು ನಾನು ತಿಳಿದಿದ್ದೆ.

ನಮ್ಮ ಶಾಲೆಗೆ ವಾರಿಜಕ್ಕನಿಂದ ಆದ ಉಪಕಾರವನ್ನು ಹೇಳದಿದ್ದರೆ ಅನ್ನ ಮೆಚ್ಚುವುದಿಲ್ಲ. ನಮ್ಮದು ಒಳಭಾಗದ ಒಂದು ಕನ್ನಡ ಶಾಲೆ. ಒಂದು ವರ್ಷ ನಮ್ಮ ಕನ್ನಡ ಮಕ್ಕಳಿಗೆ ಗಣಿತ ಕಲಿಸಲು ಒಂದಕ್ಷರ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದರು. ಪಾಪ, ಅವರದೇನೂ ತಪ್ಪಿಲ್ಲ. ಅವರು ಹೇಳಿದ್ದು ಮಕ್ಕಳಿಗೆ ತಿಳಿಯದು, ಮಕ್ಕಳು ಕೇಳಿದ್ದು ಅವರಿಗೆ ತಿಳಿಯದು. ನಾನು ನಾಲ್ಕು ಪುಟದ ಮನವಿ ಬರೆದು ವಾರಿಜಕ್ಕನಿಗೆ ತೋರಿಸಿದೆ. ಕನ್ನಡಕ ಹಾಕಿ ಓದಿದರು, ಓದಿ ಬದಿಗಿಟ್ಟರು.

"ಇದರಲ್ಲಿ ಬರೀ ಅಳುದೇ ಉಂಟು ಮಾಷ್ಟ್ರೆ. ಅಳುವ ಕಾಗದ ನಾನು ಎಷ್ಟು ನೋಡಿದ್ದೇನೆ ಗೊತ್ತುಂಟಾ? ಅದನ್ನು ಯಾರೂ ಎರಡನೇ ಪುಟಕ್ಕೆ ತಿರುಗಿಸುದಿಲ್ಲ. ಯಾವ ನಿಯಮ ತಪ್ಪಿತು, ಯಾರು ತಪ್ಪಿದ್ರು, ಯಾವಾಗ ಸರಿ ಮಾಡ್ತೀರಿ. ಮೂರೇ ಮೂರು ಬರೀರಿ."

ಅವರೇ ಕೂತು ಮುಕ್ಕಾಲು ಪುಟಕ್ಕೆ ಇಳಿಸಿದರು. ಎರಡು ತಿಂಗಳೊಳಗೆ ಆ ಅಧ್ಯಾಪಕರಿಗೂ ಅವರ ಊರಿನ ಹತ್ತಿರ ವರ್ಗವಾಯಿತು, ನಮಗೂ ಕನ್ನಡ ಬಲ್ಲ ಟೀಚರ್ ಬಂದರು. ಕಾಗದದ ಕೆಳಗಿದ್ದದ್ದು ನನ್ನ ಸಹಿ. ಪಿಟಿಎ ಸಭೆಯಲ್ಲಿ ನನಗೇ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ಆಮೇಲೆ ಶಾಲೆಯ ಶತಮಾನೋತ್ಸವ ಬಂತು. ಸಮಿತಿಗೆ ಮಹಾಬಲಣ್ಣ ಅಧ್ಯಕ್ಷರು, ನಾನು ಕಾರ್ಯದರ್ಶಿ. ಮಹಾಬಲಣ್ಣ ಒಳ್ಳೆಯವರೇ, ಕೈಯಿಂದ ಖರ್ಚು ಮಾಡುವವರು, ಆದರೆ ಆಮಂತ್ರಣದ ನೋಟೀಸಿನ ಹುಚ್ಚು. ನಮ್ಮ ಕಡೆಯ ನೋಟೀಸು ನೋಡಿದವರಿಗೆ ಗೊತ್ತು: ಉದ್ಘಾಟಕರು ಒಬ್ಬರಾದರೆ ಶುಭಾಶಂಸನೆಗೆ ಹನ್ನೊಂದು ಜನ, ಒಬ್ಬರ ಹೆಸರು ಬಿಟ್ಟುಹೋದರೆ ಆ ಮನೆಯವರು ಮೂರು ವರ್ಷ ಮುಖ ತಿರುಗಿಸುತ್ತಾರೆ. ಈ ಸಲ ಎಲ್ಲರ ಮೇಲೆ, ದೊಡ್ಡ ಕೆಂಪು ಅಕ್ಷರದಲ್ಲಿ, ಮಾಜಿ ರಾಜ್ಯಪಾಲರ ಹೆಸರು ಬರಬೇಕು ಎಂದು ಅವರ ಆಸೆ. ಅವರದ್ದು ಮಾತ್ರ ಎಂದರೆ ಸುಳ್ಳಾಗುತ್ತದೆ, ನನ್ನದೂ ಆಸೆ. ಸ್ವಾಗತ ಭಾಷಣ ನನ್ನದಲ್ಲವೇ!

ಕರೆಯಲು ಹೋದ ದಿನ ರೈಗಳು ಸೋಫಾದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದರು. "ಯಾವ ಶಾಲೆ?" ಎಂದು ಕೇಳಿದರು. ಹೇಳಿದೆ. ಬಹಳ ಸಂತೋಷ ಎಂದರು. ಸ್ವಲ್ಪ ಹೊತ್ತಿಗೆ "ಯಾವ ಶಾಲೆ?" ಎಂದರು. ಮತ್ತೆ ಹೇಳಿದೆ. ಮೂರನೆಯ ಸಲ ಕೇಳುವಾಗ ಅವರ ಎಡಬದಿಗೆ ಬಂದು ನಿಂತ ವಾರಿಜಕ್ಕ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲನೆ, "ಮಾಷ್ಟ್ರ ಶಾಲೆ, ನೂರು ವರ್ಷ ಆಯ್ತು" ಎಂದರು. ರೈಗಳು ಕೂಡಲೇ ನನ್ನ ಕಡೆ ತಿರುಗಿ, "ನೂರು ವರ್ಷ ಎಂದರೆ ಸಣ್ಣ ಮಾತಲ್ಲ ಮಾಷ್ಟ್ರೇ" ಎಂದು ತುಂಬು ದನಿಯಲ್ಲಿ ಹೇಳಿದರು. ಆಗ ನನಗೆ ಹೊಳೆಯಿತು. ಮದುವೆ ಚಪ್ಪರದಲ್ಲಿ, ಬ್ಯಾಂಕಿನಲ್ಲಿ, ಎಲ್ಲ ಕಡೆಯಲ್ಲೂ ವಾರಿಜಕ್ಕ ಹಿಂದಿನಿಂದ ಗಂಡನಿಗೆ ಎದುರು ಬಂದವರ ಹೆಸರು ಹೇಳಿಕೊಡುತ್ತಿದ್ದರು.

ಗೇಟಿನವರೆಗೆ ಬಂದು ವಾರಿಜಕ್ಕ ಎಲ್ಲ ಹೇಳಿದರು. "ನೆನಪು ಹೋಗ್ಲಿಕ್ಕೆ ಶುರುವಾಗಿ ಎರಡು ವರ್ಷ ಆಯ್ತು. ಡಾಕ್ಟ್ರು ಅದಕ್ಕೊಂದು ಹೆಸರು ಹೇಳ್ತಾರೆ. ಸುಶೀಲಳಿಗೆ ಬಿಟ್ರೆ ಊರಲ್ಲಿ ಯಾರಿಗೂ ಗೊತ್ತಿಲ್ಲ, ಈಗ ನಿಮಗೆ ಹೇಳಿದೆ. ಅವರು ಯಾರ ಮುಂದೆಯೂ ತಪ್ಪಿ ಮಾತಾಡಿದವರಲ್ಲ. ನಾಲ್ಕು ಜನ ಅವರನ್ನು ನೋಡಿ ನಗುದು ಮಾತ್ರ ನನ್ನಿಂದ ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ. ವೇದಿಕೆ ಬೇಡ ಮಾಷ್ಟ್ರೆ." ಆಮೇಲೆ ಸಂಕೋಚದಿಂದಲೇ ಅಂದರು: "ನಿಮಗೆ ಆಗುದಾದ್ರೆ ನಾನು ಬರ್ತೇನೆ. ನಾನೂ ಗವರ್ನರ್ ಆಗಿದ್ದವಳೇ ಅಲ್ವಾ?"

ಅಷ್ಟು ದೊಡ್ಡ ಹೆಂಗಸು ನನ್ನ ಹತ್ತಿರ ಹಾಗೆ ಕೇಳಬೇಕಾಗಿ ಬಂದದ್ದೇ ನಾಚಿಕೆಗೇಡು. ಸಮಿತಿಯಲ್ಲಿ ವಿಷಯ ಇಟ್ಟೆ. ರೈಗಳಿಗೆ ಆರೋಗ್ಯ ಸರಿಯಿಲ್ಲ, ವಾರಿಜಕ್ಕ ಬರುತ್ತಾರೆ ಎಂದೆ.

"ಎಂತ ಮಾಷ್ಟ್ರೆ ನೀವು!" ಎಂದರು ಮಹಾಬಲಣ್ಣ. "ನಾವು ಗವರ್ನರ್‌ನ ಕರೀಲಿಕ್ಕೆ ಹೇಳಿದ್ರೆ ನೀವು ಹೆಂಡತಿಯನ್ನು ಕರೀತೀರಲ್ಲ."

"ಅವರೂ ಗವರ್ನರೇ ಮಹಾಬಲಣ್ಣ."

"ಅದು ಗಂಡನ ಲೆಕ್ಕದಲ್ಲಿ ಸಿಕ್ಕಿದ್ದಿರ್ಬೇಕು ಮಾರಾಯ್ರೆ. ಮಹಿಳಾ ಸಮಾವೇಶ ಇಟ್ರೆ ಅವರನ್ನು ಕರೆಯುವ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಸುಮ್ಮನಿರಬಹುದಿತ್ತು, ಎರಡು ಮಾತು ಖಾರವಾಗಿ ಹೇಳಬಹುದಿತ್ತು, ಶಾಲು ಹೊದಿಸಿಕೊಂಡದ್ದು ಯಾರ ಬುದ್ಧಿಗೆ ಎಂದು ನೆನಪು ಮಾಡಬಹುದಿತ್ತು. ನನ್ನ ಹಲ್ಲು ಮಾತ್ರ ತಾನಾಗಿ ಹೊರಗೆ ಬಂತು. ಇನ್ನೊಮ್ಮೆ ಪ್ರಯತ್ನಿಸಿ ನೋಡುತ್ತೇನೆ ಎಂದು ಒಪ್ಪಿಕೊಂಡು ಎದ್ದೆ.

ಮುಂದಿನ ಮಂಗಳವಾರ ರಜೆಯಿತ್ತು. ನಾಯ್ಮಾರ್ಮೂಲೆ ಪೇಟೆಯಲ್ಲಿ ತರಕಾರಿ ತೆಗೆದುಕೊಂಡು ನಿಂತಿದ್ದೆ. ವಾರಿಜಕ್ಕನ ಕಾರು ಪಕ್ಕಕ್ಕೆ ಬಂದು ನಿಂತಿತು. ಕಿಟಕಿ ಇಳಿಸಿ, "ಮಂಗಳೂರಿಗೆ ಹೊರಟೆ ಮಾಷ್ಟ್ರೆ, ಇವರ ಮದ್ದು ಇಲ್ಲಿ ಸಿಗುದಿಲ್ಲ. ಸುಶೀಲ ಇದ್ದಾಳೆ, ಆದ್ರೂ ನಿಮಗೆ ಆ ದಾರಿಯಲ್ಲಿ ಹೋಗ್ಲಿಕ್ಕಿದ್ರೆ ಒಮ್ಮೆ ಇವರನ್ನು ನೋಡಿ ಬನ್ನಿ ಆಯ್ತಾ? ನಿಮ್ಮನ್ನು ಕಂಡ್ರೆ ಅವರಿಗೆ ಖುಷಿ" ಎಂದರು. ಆಯಿತಕ್ಕ ಎಂದೆ. ಕಾರು ಹೋಯಿತು. ಕಾಸರಗೋಡು ದಾಟಿ, ಕುಂಜತ್ತೂರು ದಾಟಿ, ಗಡಿಯಾಚೆ ಹೋಗಿ ಮದ್ದು ತೆಗೆದುಕೊಂಡು ಬರಬೇಕಾದರೆ ಮಧ್ಯಾಹ್ನವಾದರೂ ಆಗುತ್ತದೆ ಎಂದು ನಾನು ಅಲ್ಲೇ, ತೊಂಡೆಕಾಯಿಯ ಚೀಲ ಹಿಡಿದುಕೊಂಡೇ, ಯೋಚಿಸಿದೆ. ನೋಡಿ ಬನ್ನಿ ಎಂದು ಅವರು ನಂಬಿಕೆಯಿಂದ ಹೇಳಿದ್ದು ನನಗೆ ಅನುಕೂಲವಾಗಿ ಕಂಡಿತು. ಇದಕ್ಕಿಂತ ಕೆಳಗೆ ಮನುಷ್ಯ ಇಳಿಯುವುದು ಹೇಗೆ ಎಂದು ನನಗೆ ಗೊತ್ತಿಲ್ಲ.

ಅಲ್ಲಿಂದ ನೇರ ಅವರ ಮನೆಗೆ ಹೋದೆ. ರೈಗಳು ಮುಂಬದಿಯ ಜಗಲಿಯಲ್ಲಿ, ಸಿಟೌಟಿನಲ್ಲಿ, ಕೂತಿದ್ದರು. ನಾನು ಸಮಿತಿಯ ಕಾಗದ ಹೊರತೆಗೆದೆ. ಉದ್ಘಾಟನೆಗೆ ಬರಲು ಒಪ್ಪಿದ್ದೇನೆ ಎಂದು ಮೊದಲೇ ಟೈಪು ಮಾಡಿಸಿ ಸ್ಕೂಟರಿನಲ್ಲೇ ಇಟ್ಟುಕೊಂಡಿದ್ದ ಕಾಗದ ಅದು. ಅವರು ಅದನ್ನು ಓದಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ತಿರುಗಿಸಿ, "ಎಲ್ಲಿ?" ಎಂದು ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ. ಎಷ್ಟು ಚಂದದ ಸಹಿ! ಒಂದು ಗೆರೆ ನಡುಗಲಿಲ್ಲ. ಸಹಿ ಹಾಕಿ, ಕಾಗದ ನನ್ನ ಕಡೆ ತಿರುಗಿಸಿ ಕೊಟ್ಟು, "ಜನರಿಗೆ ಒಳ್ಳೆಯದಾಗಲಿ" ಎಂದರು. ಒಳಗಿನಿಂದ ಸುಶೀಲ ಚಹಾ ತರುವುದರೊಳಗೆ ಕಾಗದ ನನ್ನ ಚೀಲದೊಳಗೆ ತೊಂಡೆಕಾಯಿಯ ಮೇಲಿತ್ತು.

ನೋಟೀಸು ಅಚ್ಚಾಗಿ ಮನೆಮನೆಗೆ ಹೋಯಿತು. ಮೂರನೆಯ ದಿನ ವಾರಿಜಕ್ಕ ಶಾಲೆಗೇ ಬಂದರು. ಸ್ಟಾಫ್ ರೂಮಿನ ಹೊರಗೆ, ವರಾಂಡದಲ್ಲಿ, ಕೈಯಲ್ಲಿ ಆ ನೋಟೀಸು ಹಿಡಿದುಕೊಂಡು ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಇದು ಹೇಗಾಯ್ತು ಮಾಷ್ಟ್ರೆ?" ಎಂದು ಮಾತ್ರ ಕೇಳಿದರು.

"ನೀವು ಹೇಳಿದಿರಲ್ಲ ಅಕ್ಕ, ನೋಡಿ ಬನ್ನಿ ಅಂತ. ನಾನು ಸುಮ್ಮನೆ ನೋಡ್ಲಿಕ್ಕೆ ಹೋದದ್ದು. ಸಾರೇ ಕಾರ್ಯಕ್ರಮದ ಮಾತು ತೆಗೆದ್ರು. ನಾನು ಬೇಡ ಅಂದ್ರೂ ಕೇಳ್ಲಿಲ್ಲ. ಸಹಿ ಹಾಕಿ ಕೊಟ್ರು."

ಇಷ್ಟು ದೊಡ್ಡ ಸುಳ್ಳನ್ನು ಒಂದು ಕಡೆಯೂ ತಡವರಿಸದೆ ಹೇಳಿದೆ. ಅವರು ನೋಟೀಸನ್ನು ಮಡಚಿದರು. "ಸಹಿ ಹಾಕಿದ ಮೇಲೆ ಅವರು ಯಾವತ್ತೂ ಹಿಂದೆ ಸರಿದವರಲ್ಲ. ಬರ್ತಾರೆ" ಎಂದರು. "ನನ್ನದು ಒಂದೇ ಒಂದು. ವೇದಿಕೆಯಲ್ಲಿ ಅವರ ಹಿಂದೆ ನನಗೊಂದು ಕುರ್ಚಿ ಇಡಿ. ಪ್ಲಾಸ್ಟಿಕ್ಕಿನದ್ದಾದ್ರೂ ಆದೀತು. ನನ್ನ ಹೆಸರು ಹೇಳುದು ಬೇಡ, ಶಾಲು ಬೇಡ. ಹಿಂದೆ ಕೂತ್ರೆ ನಾನು ನಡೆಸಿಕೊಂಡು ಹೋಗ್ತೇನೆ." ಖಂಡಿತ ಅಕ್ಕ ಎಂದೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ನಾನೇ ಒಂದು ಕುರ್ಚಿ ಇಟ್ಟಿದ್ದೆ, ಅಷ್ಟಾದರೂ ಮಾಡಿದ್ದೆ. ಆದರೆ ಶುಭಾಶಂಸನೆಯ ಹನ್ನೊಂದು ಜನರ ಜೊತೆಗೆ ನೋಟೀಸಿನಲ್ಲಿಲ್ಲದ ಇಬ್ಬರು ವೇದಿಕೆ ಹತ್ತಿದರು. ಕುರ್ಚಿ ಅವರಲ್ಲೊಬ್ಬರ ಪಾಲಾಯಿತು. ಮಹಾಬಲಣ್ಣ ಕೈಮುಗಿದುಕೊಂಡೇ ವಾರಿಜಕ್ಕನನ್ನು ಕೆಳಗೆ, ಎದುರಿನ ಸೋಫಾದಲ್ಲಿ, ಗಣ್ಯರ ಹೆಂಡತಿಯರ ಸಾಲಿನಲ್ಲಿ ಕೂರಿಸಿದರು. ಅವರು ಸೋಫಾದ ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಮೈಕಿನ ಹತ್ತಿರ ನಿಂತಿದ್ದೆ. ಹೋಗಿ ಆ ಕುರ್ಚಿಯಲ್ಲಿ ಕೂತವರಿಗೆ ಏಳಿ ಎನ್ನಬೇಕು, ಅಷ್ಟೇ ಕೆಲಸ. ಅವರು ಊರಿಗೆ ಬೇಕಾದವರು, ಬೇಸರವಾದೀತು ಎಂದು ಹೆದರಿದೆ. ಸ್ವಾಗತ ಭಾಷಣದ ಚೀಟಿ ಬಿಚ್ಚಿ ಓದತೊಡಗಿದೆ.

ರೈಗಳು ದೀಪ ಹಚ್ಚಿದರು. ಮೈಕಿನ ಮುಂದೆ ಬಂದು ನೆಟ್ಟಗೆ ನಿಂತರು. ಎಂಥ ನಿಲುವು! ಸಭೆ ತಾನಾಗಿ ಮೌನವಾಯಿತು.

"ಈ ಬೆಟ್ಟಗಳ ನನ್ನ ಪ್ರೀತಿಯ ಜನರೇ" ಎಂದು ಶುರುಮಾಡಿದರು. "ಈ ಸಲ ಹಿಮ ಬೇಗ ಬಿದ್ದಿದೆ. ದಾರಿ ಮುಚ್ಚಿಹೋದ ಹಳ್ಳಿಗಳಿಗೆ ಅಕ್ಕಿ ತಲುಪಿಸಬೇಕೆಂದು ಹೇಳಿದ್ದೇನೆ. ಹೆದರಬೇಡಿ, ನಿಮ್ಮ ಮಕ್ಕಳು ಹಸಿದು ಮಲಗುವುದಿಲ್ಲ."

ಫೆಬ್ರವರಿಯ ಸೆಕೆ, ಶಾಮಿಯಾನದ ಕೆಳಗೆ ಎಲ್ಲರೂ ನೋಟೀಸಿನಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ನಗು ಮುಂದಕ್ಕೆ ಬಂತು. ಮೊಬೈಲುಗಳು ಮೇಲೆದ್ದವು. ವೇದಿಕೆಯಲ್ಲಿದ್ದವರೂ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಜನ ಯಾಕೆ ನಗುತ್ತಾರೆಂದು ತಿಳಿಯದೆ ರೈಗಳು ಮಾತು ನಿಲ್ಲಿಸಿ, ಎಡಗಡೆಗೆ, ಸ್ವಲ್ಪ ಹಿಂದಕ್ಕೆ, ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಅವರ ಮುಖದಲ್ಲಿ ಆಗ ಕಂಡ ಗಾಬರಿಯನ್ನು ನಾನು ಸಾಯುವವರೆಗೆ ಮರೆಯಲಾರೆ.

ವಾರಿಜಕ್ಕ ಅಷ್ಟರಲ್ಲಿ ವೇದಿಕೆಯ ಮೆಟ್ಟಿಲು ಹತ್ತಿಯಾಗಿತ್ತು. ಓಡಲಿಲ್ಲ, ಅವಸರ ಮಾಡಲಿಲ್ಲ. ಗಂಡನ ಎಡಕ್ಕೆ ಬಂದು ನಿಂತು ಏನೋ ಹೇಳಲು ಬಾಯಿ ತೆರೆದರು. ರೈಗಳ ಮುಖ ಅರಳಿತು. ಮೈಕಿಗೆ ಬಾಗಿ, "ಸಭಿಕರೇ, ನಮ್ಮ ನಡುವೆ ಘನತೆವೆತ್ತ ರಾಜ್ಯಪಾಲರಾದ ಶ್ರೀಮತಿ ವಾರಿಜಾಕ್ಷಿ ರೈಯವರು ಬಂದಿದ್ದಾರೆ" ಎಂದು ಅವರ ರಾಜ್ಯದ ಹೆಸರನ್ನೂ ಸ್ಪಷ್ಟವಾಗಿ ಹೇಳಿದರು. "ಅಷ್ಟು ದೂರದಿಂದ, ದಿಲ್ಲಿಯ ಅನುಮತಿ ಪಡೆದು, ನಿಮಗಾಗಿ ಬಂದಿದ್ದಾರೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ."

ನಗು ನಿಂತಿತು. ಒಬ್ಬರು ಎದ್ದರು, ಇನ್ನೊಬ್ಬರು ಎದ್ದರು, ಕೊನೆಗೆ ಇಡೀ ಸಭೆ ಕುರ್ಚಿಗಳ ಸದ್ದು ಮಾಡುತ್ತ ಎದ್ದು ನಿಂತಿತು. ರೈಗಳು ವೇದಿಕೆಯ ಮೇಲೆ ಆ ಕಡೆ ಈ ಕಡೆ ನೋಡಿ, ಅದೇ ಮೈಕಿನಲ್ಲಿ ಕೇಳಿದರು: "ಇವರಿಗೆ ಕುರ್ಚಿ ಎಲ್ಲಿ?"

ಅವರು ತಮ್ಮ ಕುರ್ಚಿಯನ್ನೇ ಎಳೆದು ಹೆಂಡತಿಗೆ ಕೊಟ್ಟರು. ವಾರಿಜಕ್ಕ ಒಂದು ಕ್ಷಣ ಕೂತರು, ಅವರ ಸಮಾಧಾನಕ್ಕೆ. ಆಮೇಲೆ ಎದ್ದು, ಗಂಡನ ಕೈ ಹಿಡಿದು, ಸಭೆಗೆ ನಮಸ್ಕಾರ ಮಾಡಿಸಿ, ಮೆಟ್ಟಿಲು ಇಳಿಸಿ ಕಾರಿಗೆ ಕರೆದುಕೊಂಡು ಹೋದರು. ನಾನು ಹಿಂದೆ ಓಡಿದೆ. ಕಾರಿನ ಬಾಗಿಲು ಹಾಕಿಕೊಳ್ಳುವಾಗ ಅವರು ನನ್ನ ಕಡೆ ನೋಡಲಿಲ್ಲ.

ವಿಡಿಯೋ ಅಂದು ಸಂಜೆಗೇ ಊರೆಲ್ಲ ಹೋಯಿತು. ಹಿಮದ ಭಾಗ ಮಾತ್ರ ಕತ್ತರಿಸಿದ್ದರು, ಕೆಳಗೆ ನಗುವ ಮುಖಗಳ ಸಾಲು. ಜನ ಎದ್ದು ನಿಂತದ್ದು ಅದರಲ್ಲಿ ಇರಲಿಲ್ಲ. ನಮ್ಮ ಸಮಿತಿಯ ಗುಂಪಿಗೂ ಯಾರೋ ಹಾಕಿದರು. ನಾನು ಗುಂಪಿನ ಅಡ್ಮಿನ್. ಅಳಿಸಲಿಕ್ಕೆ ಒಂದು ಬೆರಳು ಸಾಕಿತ್ತು, ಯಾರು ಏನೆಂದುಕೊಳ್ಳುತ್ತಾರೋ ಎಂದು ಅದನ್ನೂ ಮಾಡಲಿಲ್ಲ.

ಮಂಗಳವಾರ ಸಹಿ ಹಾಕಿಸಿಕೊಂಡ ಸಂಗತಿಯನ್ನು ನಾನು ಹೇಳಿದ್ದು ನನ್ನ ಹೆಂಡತಿ ಸುಮತಿಗೆ ಒಬ್ಬಳಿಗೆ. ಕೇಳಿದವಳು, "ನಿಮಗೆ ಮಾನ ಮರ್ಯಾದೆ ಉಂಟಾ? ಹೋಗಿ ಅವರ ಕಾಲು ಹಿಡೀರಿ" ಎಂದಳು. ಹೋಗುತ್ತೇನೆ ಎಂದೆ. ವಾರ ವಾರ ಹೋಗುತ್ತೇನೆ ಎನ್ನುತ್ತಿದ್ದೆ. ಅಷ್ಟರಲ್ಲಿ ಮಳೆಗಾಲ ಬಂತು, ರೈಗಳು ತೀರಿಕೊಂಡರು. ಗುಂಪಿನ ನಡುವೆ ನಿಂತು ಹೂವಿಟ್ಟು ಬಂದೆ. ವಾರಿಜಕ್ಕ ತಂಗಿಯ ಜೊತೆ ಪುಣೆಗೆ ಹೋಗಿ ಇರುವುದೆಂದು ನಿಶ್ಚಯವಾಯಿತು. ಅಲ್ಲೇ, ವರ್ಷ ತುಂಬುವುದರೊಳಗೆ, ಅವರೂ ತೀರಿಹೋದರೆಂದು ಈಚೆಗೆ ಸುಶೀಲ ದಾರಿಯಲ್ಲಿ ಸಿಕ್ಕಿ ಹೇಳಿದಳು. ಆದ್ದರಿಂದ ಅವರು ಪುಣೆಗೆ ಹೊರಡುವ ಹಿಂದಿನ ದಿನ ನಾನು ಹೋದದ್ದೇ ಕೊನೆಯ ಭೇಟಿ.

ಅಂದು ಸುಮತಿ ನನ್ನನ್ನು ಬಾಗಿಲಿನಿಂದ ಹೊರಗೆ ದಬ್ಬಿಯೇ ಕಳಿಸಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಮನೆಯಲ್ಲಿ ಪೆಟ್ಟಿಗೆಗಳನ್ನು ಕಟ್ಟಿಟ್ಟಿದ್ದರು. ವಾರಿಜಕ್ಕ ಎರಡು ಲೋಟ ಮತ್ತು ಚಹಾದ ಪಾತ್ರೆ ತಂದು ಒಂದು ಪೆಟ್ಟಿಗೆಯ ಮೇಲಿಟ್ಟು, ನನ್ನ ಎದುರು ಕೂತರು. ಬಹಳ ಇಳಿದುಹೋಗಿದ್ದರು. ನಾನು ಬಾಯಿ ತೆರೆಯುವ ಮೊದಲು ಅವರೇ ಶುರುಮಾಡಿದರು.

"ಮಾಷ್ಟ್ರೆ, ನಿಮ್ಮ ಹತ್ರ ಒಂದು ವಿಷಯ ಕೇಳ್ಬೇಕಂತ ಇದ್ದೆ. ಆ ನೋಟೀಸು ನೋಡಿದ ದಿವಸ, ನಿಮ್ಮ ಶಾಲೆಯಿಂದ ಬಂದು, ನಾನು ಇವರಿಗೆ ತುಂಬಾ ಬೈದೆ. ನನ್ನನ್ನು ಕೇಳದೆ ಯಾಕೆ ಒಪ್ಪಿದ್ದು, ವೇದಿಕೆಯ ಆಸೆ ಇನ್ನೂ ಹೋಗ್ಲಿಲ್ವಾ ಅಂತ. ಎರಡು ದಿವಸ ಮಾತಾಡ್ಲಿಲ್ಲ. ಮದುವೆಯಾದ ಮೇಲೆ ನಾನು ಹಾಗೆ ಮಾಡಿದ್ದೇ ಇಲ್ಲ. ಅವರಿಗೆ ಎಂತ ಗೊತ್ತುಂಟು? ಅಡುಗೆಕೋಣೆಯ ಬಾಗಿಲಲ್ಲಿ ಬಂದು ನಿಂತು 'ಸಾರಿ' ಹೇಳುದು. ಯಾಕಂತ ಗೊತ್ತಿಲ್ಲ, ಆದ್ರೂ ಹೇಳುದು. ಹೋಗಿ ಕೂರುದು, ಮರೀತದೆ, ಪುನಃ ಬಂದು 'ಸಾರಿ' ಹೇಳುದು. ನಾನು ತಿರುಗಿ ನೋಡ್ಲೇ ಇಲ್ಲ ಮಾಷ್ಟ್ರೆ."

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಈಗ ಅದೇ ಕಣ್ಣ ಮುಂದೆ ಬರ್ತದೆ. ಅದಕ್ಕೆ ಕೇಳುದು, ಬೇಜಾರು ಮಾಡ್ಬೇಡಿ. ನೀವು ಪಾಪ, ನಾನು ಹೇಳಿದ್ದಕ್ಕೆ ನೋಡ್ಲಿಕ್ಕೆ ಹೋದವರು. ಆ ದಿವಸ ಮಾತು ತೆಗೆದದ್ದು ಅವರೇ ಅಲ್ವಾ? ನಾನು ಬೈದದ್ದು ಸುಮ್ಮನೆ ಅಲ್ಲ, ಅಲ್ವಾ?"

ನಿಜ ಹೇಳಿದರೆ ಅವರ ಎದೆ ಒಡೆದೀತು, ತಪ್ಪು ಮಾಡದ ಗಂಡನನ್ನು ಶಿಕ್ಷಿಸಿದೆ ಎಂದು ಉಳಿದ ದಿನವೆಲ್ಲ ಕೊರಗಿಯಾರು ಎಂದು ನಾನು ಆಮೇಲೆ ಸುಮತಿಯ ಹತ್ತಿರ ವಾದ ಮಾಡಿದೆ. ಅವಳು ನಂಬಲಿಲ್ಲ. ನಾನೂ ನಂಬುವುದಿಲ್ಲ. ಆ ಗಳಿಗೆಯಲ್ಲಿ ನನಗೆ ಅವರ ಚಿಂತೆ ಇರಲೇ ಇಲ್ಲ, ಅವರ ಕಣ್ಣಿನಲ್ಲಿ ನಾನು ಏನಾಗುತ್ತೇನೆ ಎಂಬ ಹೆದರಿಕೆಯಷ್ಟೇ ಇತ್ತು.

"ಹೌದು ಅಕ್ಕ," ಎಂದೆ. "ಅವರೇ."

ವಾರಿಜಕ್ಕ ಉಸಿರು ಬಿಟ್ಟರು. "ಹಾಗಾದ್ರೆ ಸರಿ" ಎಂದರು. ಪಾತ್ರೆಯಲ್ಲಿ ಉಳಿದಿದ್ದ ಚಹಾವನ್ನೆಲ್ಲ ನನ್ನ ಲೋಟಕ್ಕೆ ಬಗ್ಗಿಸಿದರು. ನಾನು ಕುಡಿದೆ.